ಬಂಡೆಯೊಳಗೆ ರಾಜಧಾನಿ, ಬಂಡೆಯೊಳಗೆ ಗವಿ: ಹಂಪೆ–ದರೋಜಿ ಸೀಮೆಯನ್ನು ಒಂದಾಗಿ ನೋಡುವ ಬಗೆ

ಹಂಪೆಯಿಂದ ದರೋಜಿ ಕರಡಿಧಾಮಕ್ಕೆ ಇರುವ ದೂರ ಸುಮಾರು 15 ಕಿಲೋಮೀಟರ್. ಆದರೂ ಈ ಎರಡು ಕಡೆಗೆ ಹೋಗುವ ಜನ ಬೇರೆ ಬೇರೆ. ಗುಡಿ, ಗೋಪುರ, ಶಾಸನಗಳಲ್ಲಿ ಆಸಕ್ತಿಯಿರುವವರು ಹಂಪೆಯಲ್ಲಿ ಒಂದೆರಡು ದಿನ ಸುತ್ತಾಡಿ ಮರಳುತ್ತಾರೆ. ಕ್ಯಾಮೆರಾ, ದುರ್ಬೀನು ಹಿಡಿದವರು ಮಧ್ಯಾಹ್ನ ನೇರವಾಗಿ ದರೋಜಿಗೆ ಹೋಗಿ ಕತ್ತಲಾಗುವ ಹೊತ್ತಿಗೆ ಹೊರಡುತ್ತಾರೆ. ಒಂದು ಪರಂಪರೆಯ ಲೆಕ್ಕಕ್ಕೆ, ಇನ್ನೊಂದು ವನ್ಯಜೀವಿಯ ಲೆಕ್ಕಕ್ಕೆ ಸೇರಿಹೋಗಿವೆ. ಈ ಸೀಮೆಯನ್ನು ಅರಿಯಲು ದೊಡ್ಡ ಅಡ್ಡಿಯೇ ಈ ವಿಂಗಡಣೆ ಎಂದು ನನಗೆ ಅನ್ನಿಸುತ್ತದೆ. ವಿಜಯನಗರದ ಅರಸರು ಇಲ್ಲಿ ರಾಜಧಾನಿ ಕಟ್ಟಲು ಯಾವ ನೆಲ ಅನುಕೂಲವಾಗಿತ್ತೋ, ಕರಡಿಯೂ ನೀರುನಾಯಿಯೂ ಇಂದಿಗೂ ಬದುಕಿ ಉಳಿಯಲು ಅದೇ ನೆಲ ಆಸರೆಯಾಗಿದೆ. ಆ ನೆಲದ ಗುಣವನ್ನು ಬಂಡೆ ಮತ್ತು ನೀರು ಎಂಬ ಎರಡು ಮಾತುಗಳಲ್ಲಿ ಹೇಳಬಹುದು. ಇವೆರಡನ್ನು ಅರ್ಥಮಾಡಿಕೊಂಡು ಹೋದವರಿಗೆ ಗುಡಿಯೂ ಕಾಡೂ ಒಂದೇ ಕಥೆಯ ಭಾಗಗಳಾಗಿ ಕಾಣುತ್ತವೆ. ಎಲ್ಲಿಗೆ, ಯಾವ ಹೊತ್ತಿನಲ್ಲಿ, ಯಾವ ತಿಂಗಳಲ್ಲಿ ಹೋಗಬೇಕೆಂಬ ಲೆಕ್ಕವೂ ತಾನಾಗಿಯೇ ತಿಳಿಯುತ್ತದೆ.

ಆಡಳಿತದ ನಕ್ಷೆಯಲ್ಲಿ ಈ ಸೀಮೆ ಮೂರು ಜಿಲ್ಲೆಗಳಲ್ಲಿ ಹಂಚಿಹೋಗಿದೆ. ಹಂಪೆ ಮತ್ತು ಹೊಸಪೇಟೆ 2021ರಲ್ಲಿ ಬಳ್ಳಾರಿಯಿಂದ ಬೇರ್ಪಟ್ಟ ವಿಜಯನಗರ ಜಿಲ್ಲೆಯಲ್ಲಿವೆ. ಹೊಳೆಯಾಚೆಯ ಆನೆಗೊಂದಿ ಕೊಪ್ಪಳ ಜಿಲ್ಲೆಗೆ ಸೇರಿದೆ. ದರೋಜಿ ಊರು ಬಳ್ಳಾರಿ ಜಿಲ್ಲೆಯ ಸಂಡೂರು ತಾಲ್ಲೂಕಿನದು. ನೆಲದ ಮೇಲೆ ಮಾತ್ರ ಈ ಗೆರೆಗಳು ಎಲ್ಲಿಯೂ ಕಾಣುವುದಿಲ್ಲ.

ಬಂಡೆ ಹುಟ್ಟಿದ ಬಗೆ

ಹಂಪೆಯ ಗುಡ್ಡಗಳನ್ನು ಮೊದಲ ಸಲ ಕಂಡವರಿಗೆ ಯಾರೋ ಎಲ್ಲಿಂದಲೋ ಬಂಡೆಗಳನ್ನು ಹೊತ್ತು ತಂದು ಒಂದರ ಮೇಲೊಂದು ಪೇರಿಸಿದಂತೆ ತೋರುತ್ತದೆ. ವಾನರರು ಎಸೆದಾಡಿದ ಕಲ್ಲುಗಳು ಇವು ಎಂಬ ಜನಪದ ಕಲ್ಪನೆಗೆ ಈ ನೋಟವೇ ಮೂಲವಾಗಿರಬಹುದು. ವಾಸ್ತವದಲ್ಲಿ ಈ ಬಂಡೆಗಳು ಎಲ್ಲಿಂದಲೂ ಉರುಳಿ ಬಂದವಲ್ಲ; ಇದ್ದಲ್ಲಿಯೇ ರೂಪ ತಳೆದವು. ಸುಮಾರು 250 ಕೋಟಿ ವರ್ಷಗಳ ಹಿಂದೆ ನೆಲದ ಆಳದಲ್ಲಿ ಕರಗಿದ್ದ ಶಿಲಾರಸ ನಿಧಾನವಾಗಿ ತಣಿದು ಗ್ರಾನೈಟ್ ಆಯಿತು. ಭೂವಿಜ್ಞಾನಿಗಳು ಇದನ್ನು ಕ್ಲೋಸ್‌ಪೇಟೆ ಗ್ರಾನೈಟ್ ಎಂದು ಕರೆಯುತ್ತಾರೆ. ಕ್ಲೋಸ್‌ಪೇಟೆ ಎಂಬುದು ಬ್ರಿಟಿಷರ ಕಾಲದಲ್ಲಿ ರಾಮನಗರಕ್ಕಿದ್ದ ಹೆಸರು. ಕರ್ನಾಟಕದ ನಡುಮೈಯಲ್ಲಿ ದಕ್ಷಿಣೋತ್ತರವಾಗಿ ಸುಮಾರು 400 ಕಿಲೋಮೀಟರ್ ಉದ್ದಕ್ಕೆ ಬೆನ್ನುಮೂಳೆಯಂತೆ ಹಾಯ್ದಿರುವ ಈ ಶಿಲೆಯ ಉತ್ತರದ ಭಾಗ ಹಂಪೆ, ಆನೆಗೊಂದಿಗಳ ಸುತ್ತ ತೆರೆದುಕೊಂಡಿದೆ.

ತಣಿಯುವಾಗ ಮತ್ತು ಮೇಲಿನ ಭಾರ ಇಳಿದಾಗ ಈ ಕಲ್ಲಿನಲ್ಲಿ ಅಡ್ಡಡ್ಡ, ಉದ್ದುದ್ದ ಸೀಳುಗಳು ಮೂಡಿದವು. ಮಣ್ಣಿನಡಿಯಲ್ಲಿ ಇರುವಾಗಲೇ ಆ ಸೀಳುಗಳಲ್ಲಿ ನೀರು ಇಳಿದು, ಗ್ರಾನೈಟಿನ ಕೆಲವು ಖನಿಜಗಳನ್ನು ಕೊಳೆಸಿ ಜೇಡಿಯಾಗಿಸಿತು. ಚೌಕಾಕಾರದ ಕಲ್ಲಿನ ಮೂಲೆಗಳಿಗೆ ಮೂರು ಕಡೆಯಿಂದ, ಅಂಚುಗಳಿಗೆ ಎರಡು ಕಡೆಯಿಂದ, ಮೈಗೆ ಒಂದೇ ಕಡೆಯಿಂದ ನೀರು ತಗಲುವುದರಿಂದ ಮೂಲೆಗಳು ಎಲ್ಲಕ್ಕಿಂತ ಮೊದಲು ಸವೆದವು; ಚೌಕ ದುಂಡಗಾಯಿತು. ಈರುಳ್ಳಿಯ ಸಿಪ್ಪೆ ಸುಲಿದಂತೆ ಪದರ ಪದರವಾಗಿ ಕಳಚುವ ಬಂಡೆಗಳನ್ನು ಮಾತಂಗ ಪರ್ವತದ ದಾರಿಯಲ್ಲಿ ಇಂದಿಗೂ ನೋಡಬಹುದು. ಮುಂದೆ ಸುತ್ತಲಿನ ಮೆತ್ತನೆಯ ಮಣ್ಣು ಮಳೆಗೆ ಕೊಚ್ಚಿಹೋಗಿ, ಗಟ್ಟಿ ತಿರುಳು ಮಾತ್ರ ಇದ್ದ ಜಾಗದಲ್ಲಿಯೇ ಒಂದರ ಮೇಲೊಂದು ಕುಳಿತು ಉಳಿಯಿತು. ಬೀಳುವಂತೆ ಕಾಣುವ ಬಂಡೆ ಬೀಳದಿರುವುದು ಇದರಿಂದಲೇ. ಅದನ್ನು ಯಾರೂ ಮೇಲಿಟ್ಟಿಲ್ಲ, ಅದರ ಸುತ್ತಲಿನದು ಕರಗಿಹೋಗಿದೆ.

ಇಷ್ಟು ತಿಳಿದ ಮೇಲೆ ಮುಂದಿನದು ಸುಲಭ. ದುಂಡು ಬಂಡೆಗಳು ಒಂದಕ್ಕೊಂದು ಒರಗಿ ನಿಂತಾಗ ನಡುವೆ ಟೊಳ್ಳು ಉಳಿಯುತ್ತದೆ. ಆ ಟೊಳ್ಳಿನಲ್ಲಿ ಶಿಲಾಯುಗದ ಮನುಷ್ಯ ಕುಳಿತು ಚಿತ್ರ ಬರೆದ, ಸನ್ಯಾಸಿ ತಪಸ್ಸಿಗೆ ಕೂತ, ಕಾವಲುಗಾರ ಬಿಸಿಲಿಗೆ ಮರೆಯಾದ, ಕರಡಿ ಮರಿ ಹಾಕಿತು.

ನಗರಕ್ಕೆ ಬಂಡೆ ಕೊಟ್ಟದ್ದೇನು

ಹಂಪೆಯ ಚರಿತ್ರೆ ವಿಜಯನಗರಕ್ಕಿಂತ ಬಹಳ ಹಳೆಯದು. ಪಂಪಾ ಎಂಬುದು ತುಂಗಭದ್ರೆಯ ಹಳೆಯ ಹೆಸರು, ಇಲ್ಲಿನ ದೇವಿಯ ಹೆಸರೂ ಹೌದು. ಹಳಗನ್ನಡದ ಪಾಲು ಹಾಲಾದಂತೆ, ಪುಲಿ ಹುಲಿಯಾದಂತೆ ಪಂಪೆ ಹಂಪೆಯಾಯಿತು. ಊರಿನ ಹೆಸರಿನಲ್ಲಿಯೇ ಕನ್ನಡ ಭಾಷೆಯ ಚರಿತ್ರೆಯ ಒಂದು ಘಟ್ಟ ಉಳಿದಿದೆ. ರಗಳೆಯ ಕವಿ ಹರಿಹರ ಇಲ್ಲಿನ ವಿರೂಪಾಕ್ಷನ ಭಕ್ತನಾಗಿದ್ದದ್ದು ಸಾಮ್ರಾಜ್ಯ ಹುಟ್ಟುವುದಕ್ಕೆ ಮುಂಚೆ. ಹೇಮಕೂಟದ ಇಳಿಜಾರಿನಲ್ಲಿರುವ, ಮೆಟ್ಟಿಲು ಮೆಟ್ಟಿಲಾಗಿ ಏರುವ ಕಲ್ಲಿನ ಶಿಖರಗಳ ಪುಟ್ಟ ಗುಡಿಗಳನ್ನು ನೋಡದೆ ನೇರವಾಗಿ ಕಲ್ಲಿನ ರಥದತ್ತ ಓಡುವವರು ಈ ಹಿಂದಿನ ಅಧ್ಯಾಯವನ್ನೇ ಬಿಟ್ಟುಬಿಡುತ್ತಾರೆ.

1336ರ ಸುಮಾರಿಗೆ ಹರಿಹರ ಮತ್ತು ಬುಕ್ಕ ಇಲ್ಲಿ ರಾಜ್ಯ ಕಟ್ಟಿದಾಗ ಅವರ ಮುಂದಿದ್ದ ದೊಡ್ಡ ಪ್ರಶ್ನೆ ರಕ್ಷಣೆಯದು. ಉತ್ತರಕ್ಕೆ ತುಂಗಭದ್ರೆ ಬಂಡೆಗಳ ನಡುವೆ ಇಕ್ಕಟ್ಟಾಗಿ, ಸೆಳವಿನಿಂದ ಹರಿಯುತ್ತದೆ; ಕುದುರೆ ದಂಡು ಇಲ್ಲಿ ಸುಲಭವಾಗಿ ದಾಟಲಾರದು. ಉಳಿದ ದಿಕ್ಕುಗಳಲ್ಲಿ ಗುಡ್ಡಸಾಲುಗಳೇ ಅರ್ಧ ಗೋಡೆ. ಕೋಟೆಯ ಗೋಡೆಗಳನ್ನು ಗಮನವಿಟ್ಟು ನೋಡಿದರೆ ಅವು ಬಂಡೆಯಿಂದ ಬಂಡೆಗೆ ಹಾಯುತ್ತವೆ, ದೊಡ್ಡ ಬಂಡೆ ಸಿಕ್ಕಲ್ಲಿ ಗೋಡೆ ನಿಂತು ಬಂಡೆಯೇ ಗೋಡೆಯಾಗುತ್ತದೆ, ಅದು ಮುಗಿದಲ್ಲಿ ಮತ್ತೆ ಕಟ್ಟಡ ಶುರುವಾಗುತ್ತದೆ. ಗಾರೆಯಿಲ್ಲದೆ ದೊಡ್ಡ ದೊಡ್ಡ ಕಲ್ಲುಗಳನ್ನು ಹೊರಮೈಗೆ ಹೊಂದಿಸಿ, ಒಳಗೆ ಮಣ್ಣು ಮತ್ತು ಚೂರುಕಲ್ಲು ತುಂಬಿದ ಗೋಡೆಗಳಿವು. 1443ರಲ್ಲಿ ಬಂದ ಪರ್ಷಿಯಾದ ರಾಯಭಾರಿ ಅಬ್ದುಲ್ ರಜಾಕ್ ಒಂದರೊಳಗೊಂದಾಗಿ ಏಳು ಸುತ್ತಿನ ಕೋಟೆ ಕಂಡದ್ದಾಗಿ ಬರೆದಿದ್ದಾನೆ.

ಕಟ್ಟಡದ ಕಲ್ಲಿಗೂ ದೂರ ಹೋಗಬೇಕಿರಲಿಲ್ಲ. ಹಂಪೆಯ ಎಷ್ಟೋ ಬಂಡೆಗಳ ಮೈಮೇಲೆ ಹೊಲಿಗೆ ಹಾಕಿದಂತೆ ಸಾಲಾಗಿ ಚೌಕ ಕುಳಿಗಳಿವೆ. ಆ ಕುಳಿಗಳಲ್ಲಿ ಬೆಣೆ ಬಡಿದು ಬಂಡೆಯನ್ನು ಬೇಕಾದ ಅಳತೆಗೆ ಸೀಳುತ್ತಿದ್ದರು. ಸೀಳಲೆಂದು ಕುಳಿ ಕೊರೆದು ಹಾಗೆಯೇ ಬಿಟ್ಟ ಬಂಡೆಗಳೂ ಇವೆ. ನನಗೆ ಅವು ಯಾವ ಶಿಲ್ಪಕ್ಕೂ ಕಡಿಮೆಯಲ್ಲ, ಏಕೆಂದರೆ ಕೆಲಸಗಾರನ ಕೈಯ ಗುರುತು ಅಲ್ಲಿಯೇ ನೇರವಾಗಿ ಸಿಗುತ್ತದೆ. ಸುಮಾರು 6.7 ಮೀಟರ್ ಎತ್ತರದ ಲಕ್ಷ್ಮೀನರಸಿಂಹನನ್ನು 1528ರಲ್ಲಿ, ಕೃಷ್ಣದೇವರಾಯನ ಕಾಲದಲ್ಲಿ, ಒಂದೇ ಬಂಡೆಯಿಂದ ಕಡೆದರು. ಕಡಲೆಕಾಳು ಗಣಪ, ಸಾಸಿವೆಕಾಳು ಗಣಪ, ಬಡವಿಲಿಂಗ, ಇವೆಲ್ಲವೂ ಏಕಶಿಲೆಗಳೇ. ವಿಠ್ಠಲ ದೇವಾಲಯದ ಅಂಗಳದಲ್ಲಿರುವ ಕಲ್ಲಿನ ರಥ ಮಾತ್ರ ಹಾಗಲ್ಲ. ಹಲವು ಕಲ್ಲುಗಳನ್ನು ಸಂದು ಕಾಣದಂತೆ ಜೋಡಿಸಿ ಕಟ್ಟಿದ ಗರುಡನ ಗುಡಿ ಅದು.

ಬರಸೀಮೆಯಲ್ಲಿ ನೀರಿನ ನಗರ

ಈ ಸೀಮೆಯ ಮಳೆ ತೀರಾ ಕಡಿಮೆ. ಇಲ್ಲಿ ಹರಿಯುವ ನೀರು ಇಲ್ಲಿನದೂ ಅಲ್ಲ. ತುಂಗೆ ಮತ್ತು ಭದ್ರೆ ಸಹ್ಯಾದ್ರಿಯ ವರಾಹ ಪರ್ವತದ ಬಳಿ ಹುಟ್ಟಿ, ಶಿವಮೊಗ್ಗದ ಹತ್ತಿರ ಕೂಡಲಿಯಲ್ಲಿ ಒಂದಾಗಿ ಬಯಲಿಗೆ ಬರುತ್ತವೆ. ಆದ್ದರಿಂದ ಜುಲೈ, ಆಗಸ್ಟಿನಲ್ಲಿ ಹಂಪೆಯ ಮೇಲೆ ಮೋಡವೇ ಇಲ್ಲದಿದ್ದರೂ ಹೊಳೆ ತುಂಬಿ ಬರಬಹುದು, ಪುರಂದರದಾಸರ ಮಂಟಪ ಮುಳುಗಬಹುದು. ಮಲೆನಾಡಿನ ಮಳೆಯನ್ನು ಬಯಲುಸೀಮೆಯ ಹೊಲಕ್ಕೂ ಅರಮನೆಗೂ ತಿರುಗಿಸಿದ್ದು ವಿಜಯನಗರದ ಬಹುದೊಡ್ಡ ಸಾಧನೆ. ಹೊಳೆಗೆ ಅಡ್ಡಲಾಗಿ ತಗ್ಗಿನ ಕಟ್ಟೆಗಳನ್ನು ಹಾಕಿ, ಅಲ್ಲಿಂದ ಕಾಲುವೆ ತೋಡಿ, ಬಂಡೆಗಳ ನಡುವಿನ ಕಣಿವೆಯಲ್ಲಿ ನೀರು ಹರಿಸಿದರು. ವಿರೂಪಾಕ್ಷ ದೇವಾಲಯದ ಕಡೆಯಿಂದ ಅರಮನೆಯ ಆವರಣಕ್ಕೆ ಹೋಗುವಾಗ ಎಡಬಲಕ್ಕೆ ಬಾಳೆ, ಕಬ್ಬು, ಭತ್ತ ಕಾಣುತ್ತವಲ್ಲ, ಅವುಗಳಿಗೆ ನೀರುಣಿಸುವ ತುರ್ತು ಕಾಲುವೆ ಆ ಕಾಲದ್ದೇ. ಸ್ಮಾರಕಗಳ ಪಟ್ಟಿಯಲ್ಲಿ ಅದು ಕಣ್ಣಿಗೆ ಬೀಳುವುದಿಲ್ಲವಾದರೂ, ನಗರ ಅಳಿದ ಮೇಲೂ ದಿನದಿನದ ಕೆಲಸ ಬಿಡದೆ ಮಾಡುತ್ತಿರುವ ಕೆಲವೇ ಕಟ್ಟಡಗಳಲ್ಲಿ ಅದೂ ಒಂದು. ಬಡವಿಲಿಂಗದ ಪೀಠ ನೀರಿನಲ್ಲಿ ನಿಂತಿರುವುದೂ ಕಾಲುವೆಯ ನೀರು ಗುಡಿಯೊಳಗೆ ಹಾಯುವುದರಿಂದ.

ಅರಮನೆಯ ಆವರಣದಲ್ಲಿ 1980ರ ದಶಕದ ಉತ್ಖನನದಲ್ಲಿ ಬೆಳಕಿಗೆ ಬಂದ ಮೆಟ್ಟಿಲುಗಳ ಪುಷ್ಕರಣಿಯನ್ನು ನಿಧಾನವಾಗಿ ನೋಡಬೇಕು. ಕರಿಕಲ್ಲಿನ ಪ್ರತಿ ತುಂಡಿನ ಮೇಲೂ ಅದು ಯಾವ ದಿಕ್ಕಿಗೆ, ಯಾವ ಸಾಲಿಗೆ ಸೇರಬೇಕೆಂದು ಗುರುತು ಕೊರೆದಿದ್ದಾರೆ; ಬೇರೆಡೆ ಕಡೆದು ಸಿದ್ಧಪಡಿಸಿ ಇಲ್ಲಿಗೆ ತಂದು ಜೋಡಿಸಿದ ಕೆಲಸವಿದು. ಅದಕ್ಕೆ ನೀರು ತರುತ್ತಿದ್ದ ಕಲ್ಲಿನ ತೆರೆದ ನಾಲೆ, ಕಂಬಗಳ ಮೇಲೆ ಹಾಯ್ದು ಬರುವುದನ್ನು ಪಕ್ಕದಲ್ಲಿಯೇ ಕಾಣಬಹುದು. ಹತ್ತಿರದ ಮಹಾನವಮಿ ದಿಬ್ಬದ ಗೋಡೆಗಳಲ್ಲಿ ಕುದುರೆ, ಆನೆ, ಒಂಟೆ, ಬೇಟೆಯ ಸಾಲುಗಳಿವೆ. ಅರಮನೆಗೆ ಕಾಡು ಎಷ್ಟು ಹತ್ತಿರವಿತ್ತು ಎಂಬುದನ್ನು ಆ ಬೇಟೆಯ ಚಿತ್ರಗಳು ನೆನಪಿಸುತ್ತವೆ.

1565ರ ಜನವರಿಯಲ್ಲಿ ರಕ್ಕಸತಂಗಡಿಯ ಕದನದಲ್ಲಿ ಸೋತ ಮೇಲೆ ರಾಜಧಾನಿ ಬರಿದಾಯಿತು. ಆದರೆ ವಿರೂಪಾಕ್ಷನ ಪೂಜೆ ನಿಲ್ಲಲಿಲ್ಲ, ಕಾಲುವೆಯ ಕೆಳಗಿನ ಬೇಸಾಯವೂ ನಿಲ್ಲಲಿಲ್ಲ. ಹಂಪೆಯನ್ನು ಹಾಳೂರು ಎಂದು ಬಣ್ಣಿಸುವವರು ಈ ಎರಡನ್ನು ಮರೆಯುತ್ತಾರೆ. ಮನುಷ್ಯರು ಬಿಟ್ಟುಹೋದ ಕೋಟೆಯ ಹೊರವಲಯದಲ್ಲಿ ಕುರುಚಲು ಕಾಡು ಮತ್ತೆ ಬೆಳೆಯಿತು; ಕಟ್ಟಡದ ಕಲ್ಲಿನ ಸಂದುಗಳಲ್ಲಿ ಗೂಬೆ, ಬಾವಲಿ, ಉಡ ನೆಲೆಸಿದವು.

ಕರಡಿಯ ಸೀಮೆ

ರಾಮಾಯಣದ ಕಿಷ್ಕಿಂಧೆ ಇದೇ ಎಂದು ಇಲ್ಲಿನ ಜನ ನಂಬುತ್ತಾರೆ. ಆನೆಗೊಂದಿಯ ಬಳಿಯ ಅಂಜನಾದ್ರಿ, ಋಷ್ಯಮೂಕ, ಮಾತಂಗ, ಮಾಲ್ಯವಂತ, ಪಂಪಾಸರೋವರ, ಎಲ್ಲಕ್ಕೂ ಕಥೆಯೊಂದಿಗೆ ನಂಟಿದೆ. ಆ ಕಥೆಯಲ್ಲಿ ಸುಗ್ರೀವನ ಕಪಿಸೇನೆಯ ಜೊತೆಗೆ ಕರಡಿಗಳ ಒಡೆಯ ಜಾಂಬವಂತನೂ ಇದ್ದಾನೆ. ಕೆಂಪು ಮೋರೆಯ ಕೋತಿಯೂ ಕರಿ ಮೋರೆಯ ಮುಸುವವೂ ಕರಡಿಯೂ ಒಂದೇ ಗುಡ್ಡಸಾಲಿನಲ್ಲಿ ಇಂದಿಗೂ ಕಾಣಸಿಗುವ ಈ ನೆಲದಲ್ಲಿ ನಿಂತು ಆ ಕಥೆಯನ್ನು ನೆನೆದಾಗ, ಹಜಾರರಾಮ ದೇವಾಲಯದ ಗೋಡೆಯ ಮೇಲಿನ ರಾಮಾಯಣದ ಪಟ್ಟಿಕೆಗಳು ಬೇರೆಯೇ ರೀತಿಯಲ್ಲಿ ಮನಸ್ಸಿಗೆ ಇಳಿಯುತ್ತವೆ.

ದರೋಜಿಯನ್ನು 1994ರಲ್ಲಿ ಕರಡಿಗಾಗಿಯೇ ಮೀಸಲಾದ ಅಭಯಾರಣ್ಯವೆಂದು ಘೋಷಿಸಲಾಯಿತು. ಆಮೇಲೆ ಪಕ್ಕದ ಅರಣ್ಯವೂ ಸೇರಿ ಈಗ ಅದರ ವಿಸ್ತಾರ ಸುಮಾರು 82 ಚದರ ಕಿಲೋಮೀಟರ್. ಹುಲಿ, ಆನೆಗಳ ಕಾಡನ್ನು ಕಂಡವರಿಗೆ ಇದು ಕಾಡೇ ಅಲ್ಲ ಎನ್ನಿಸಬಹುದು. ಎತ್ತರದ ಮರಗಳಿಲ್ಲ, ತೊರೆಗಳಿಲ್ಲ. ಕಾರೆ, ಬೋರೆ, ಜಾಲಿ, ಸೀತಾಫಲ, ಕಕ್ಕೆಗಳ ಕುರುಚಲು, ನಡುನಡುವೆ ಬಂಡೆಯ ಗುಡ್ಡೆಗಳು. ಆದರೆ ಕರಡಿಗೆ ಬೇಕಾದದ್ದು ಇದೇ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಬಿಸಿಲಿನಿಂದ ಹಗಲೆಲ್ಲ ತಪ್ಪಿಸಿಕೊಳ್ಳಲು ಬಂಡೆಯಡಿಯ ತಂಪು ಗವಿ ಬೇಕು. ಸುತ್ತ ಗೆದ್ದಲು, ಇರುವೆ, ಜೇನು, ಹಣ್ಣು ಬೇಕು.

ನಮ್ಮ ನಾಡಿನ ಕರಡಿ ಜಗತ್ತಿನ ಉಳಿದ ಕರಡಿಗಳಿಗಿಂತ ಬೇರೆಯಾಗಿರುವುದು ಅದರ ಆಹಾರಕ್ರಮದಿಂದ. ಗೆದ್ದಲನ್ನು ಮುಖ್ಯ ಆಹಾರವಾಗಿಸಿಕೊಂಡ ಕರಡಿ ಇದೊಂದೇ. ಅದಕ್ಕೆ ಮೇಲ್ದವಡೆಯ ನಡುವಿನ ಎರಡು ಬಾಚಿಹಲ್ಲುಗಳು ಇಲ್ಲ. ಉದ್ದವಾದ, ಬಾಗಿದ ಉಗುರುಗಳಿಂದ ಹುತ್ತವನ್ನು ಬಗೆದು, ಮೊದಲು ಜೋರಾಗಿ ಊದಿ ಧೂಳು ಹಾರಿಸುತ್ತದೆ. ಆಮೇಲೆ ಮೂಗಿನ ಹೊಳ್ಳೆ ಮುಚ್ಚಿಕೊಂಡು, ತುಟಿಗಳನ್ನು ಕೊಳವೆಯಂತೆ ಚಾಚಿ, ಹಲ್ಲಿನ ಸಂದಿಯಿಂದ ಗೆದ್ದಲನ್ನು ಹೀರುತ್ತದೆ. ಆ ಹೀರುವ ಸದ್ದು ದೂರಕ್ಕೂ ಕೇಳಿಸುತ್ತದೆ. ಇದು ಚಳಿನಿದ್ದೆಗೆ ಹೋಗುವ ಕರಡಿಯಲ್ಲ, ವರ್ಷವಿಡೀ ಓಡಾಡುತ್ತದೆ. ಹೆಣ್ಣು ಸಾಮಾನ್ಯವಾಗಿ ಚಳಿಗಾಲದಲ್ಲಿ ಗವಿಯೊಳಗೆ ಒಂದೋ ಎರಡೋ ಮರಿ ಹಾಕುತ್ತದೆ. ಹೊರಗೆ ಬಂದ ಮೇಲೆ ಮರಿಗಳು ತಿಂಗಳುಗಟ್ಟಲೆ ತಾಯಿಯ ಬೆನ್ನಿನ ಮೇಲೆ, ಉದ್ದ ಕೂದಲನ್ನು ಹಿಡಿದು ಕುಳಿತು ಪ್ರಯಾಣ ಮಾಡುತ್ತವೆ. ಬೇಸಿಗೆಯ ಮೊದಲ ತಿಂಗಳುಗಳಲ್ಲಿ ದರೋಜಿಗೆ ಹೋದವರಿಗೆ ಈ ನೋಟ ಸಿಗುವ ಸಾಧ್ಯತೆ ಹೆಚ್ಚು. ಹಣ್ಣು ತಿಂದು ಬೀಜಗಳನ್ನು ಊರೂರು ಹರಡುವುದರಿಂದ ಕಾಡನ್ನು ಬೆಳೆಸುವ ಕೆಲಸವೂ ಅದರದೇ.

ಸಂದರ್ಶಕರು ಕರಡಿಯನ್ನು ನೋಡುವುದು ಕರಡಿಕಲ್ಲು ಗುಡ್ಡದ ಎದುರಿನ ವೀಕ್ಷಣಾ ಗೋಪುರದಿಂದ. ಮಧ್ಯಾಹ್ನ ಅರಣ್ಯ ಸಿಬ್ಬಂದಿ ಎದುರಿನ ಬಂಡೆಗಳ ಮೇಲೆ ಬೆಲ್ಲ, ಜೇನಿನಂಥ ಸಿಹಿ ಬೆರೆಸಿದ ತಿನಿಸನ್ನು ಬಳಿದು ಬರುತ್ತಾರೆ. ಬಿಸಿಲು ಇಳಿಯುತ್ತಿದ್ದಂತೆ ಕರಡಿಗಳು ಗವಿಗಳಿಂದ ಹೊರಬಂದು ಅದನ್ನು ನೆಕ್ಕುತ್ತವೆ. ಕಾಡುಪ್ರಾಣಿಗೆ ಹೀಗೆ ತಿನಿಸು ಇಡುವುದು ಸರಿಯೇ ಎಂಬ ಪ್ರಶ್ನೆ ನ್ಯಾಯವಾದದ್ದು. ಊಟ ಇಟ್ಟ ಜಾಗಕ್ಕೆ ಪ್ರಾಣಿ ಒಗ್ಗಿಕೊಳ್ಳುತ್ತದೆ, ಅದರ ಸಹಜ ತಿರುಗಾಟ ಬದಲಾಗುತ್ತದೆ ಎಂಬ ಆತಂಕವನ್ನು ತಳ್ಳಿಹಾಕಲಾಗದು. ಆದರೆ ಜೀಪುಗಳು ಕಾಡಿನೊಳಗೆ ನುಗ್ಗಿ ಪ್ರಾಣಿಯನ್ನು ಸುತ್ತುವರಿಯುವ ಸಫಾರಿಗಿಂತ, ನೋಡುವವರು ಒಂದೇ ಕಡೆ ಕುಳಿತು ಪ್ರಾಣಿ ಬರುವವರೆಗೆ ಕಾಯುವ ಈ ಕ್ರಮವೇ ಕರಡಿಗೆ ಕಡಿಮೆ ಉಪದ್ರವ ಎಂಬುದು ನನ್ನ ಅಭಿಪ್ರಾಯ. ಗೋಪುರದಿಂದ ಬಂಡೆ ಸಾಕಷ್ಟು ದೂರ. ದುರ್ಬೀನು ಇಲ್ಲದೆ ಹೋದರೆ ಕರಿಯ ಚುಕ್ಕೆ ಕಂಡಷ್ಟೇ ಲಾಭ.

ಕರಡಿ ಬರುವ ಮುನ್ನ ಕಾಯುವ ಆ ಒಂದೆರಡು ಗಂಟೆ ಹಕ್ಕಿಗಳದ್ದು. ಬಂಡೆಯ ಮೇಲೆ ಇಟ್ಟ ಕಾಳಿಗೆ ನವಿಲು, ಕೌಜುಗ ಬರುತ್ತವೆ. ಅವುಗಳ ಜೊತೆ ಬಣ್ಣದ ಚಿಟ್ಟುಕೋಳಿ ಬಂದರೆ ಅದೃಷ್ಟ. ಬೇರೆಡೆ ಪೊದೆಯೊಳಗೆ ಅಡಗಿಯೇ ಇರುವ ಈ ಹಕ್ಕಿಯನ್ನು ನೋಡಲು ದೇಶದ ನಾನಾ ಕಡೆಯಿಂದ ಛಾಯಾಗ್ರಾಹಕರು ದರೋಜಿಗೆ ಬರುತ್ತಾರೆ. ಹಳದಿ ಕೊರಳಿನ ಪಿಕಳಾರ ಇನ್ನೂ ವಿಶೇಷವಾದದ್ದು. ದಕ್ಷಿಣ ಭಾರತದ ಬಂಡೆಗುಡ್ಡಗಳ ಕುರುಚಲಿನಲ್ಲಿ ಮಾತ್ರ ಬದುಕುವ, ಜಗತ್ತಿನ ಬೇರೆಲ್ಲೂ ಇಲ್ಲದ ಹಕ್ಕಿ ಅದು. ಹಂಪೆಯ ಗುಡ್ಡಗಳಲ್ಲಿಯೂ ಅದು ಇದೆ. ಬಂಡೆ ಒಡೆದು ಜಲ್ಲಿಯಾದರೆ ಆ ಹಕ್ಕಿಗೆ ಹೋಗಲು ಬೇರೆ ಜಾಗವಿಲ್ಲ. ಚಿರತೆ, ಮುಳ್ಳುಹಂದಿ, ಚಿಪ್ಪುಹಂದಿ, ನಕ್ಷತ್ರ ಆಮೆಗಳೂ ಈ ಕುರುಚಲಿನ ನಿವಾಸಿಗಳೇ, ಆದರೆ ಹಗಲಿನಲ್ಲಿ ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ.

ಇಲ್ಲಿ ಒಂದು ಎಚ್ಚರಿಕೆಯ ಮಾತು ಅಗತ್ಯ. ಕರಡಿಯ ಮೂಗು ಚುರುಕು, ಕಣ್ಣು ಮತ್ತು ಕಿವಿ ಅಷ್ಟು ಚುರುಕಲ್ಲ. ಮನುಷ್ಯ ಹತ್ತಿರ ಬಂದದ್ದು ಅದಕ್ಕೆ ತಡವಾಗಿ ತಿಳಿಯುತ್ತದೆ. ಬೆಚ್ಚಿದಾಗ ಓಡುವ ಬದಲು ಮೇಲೆರಗುತ್ತದೆ. ಸೂರ್ಯೋದಯ ನೋಡಲು ಕತ್ತಲಲ್ಲಿ ಒಬ್ಬರೇ ಗುಡ್ಡ ಹತ್ತುವ, ಜನಸಂಚಾರವಿಲ್ಲದ ಬಂಡೆಗಳ ಸಂದುಗಳಲ್ಲಿ ನುಸುಳುವ ಹುಮ್ಮಸ್ಸನ್ನು ಈ ಸೀಮೆಯಲ್ಲಿ ಬಿಡಬೇಕು. ಗುಡ್ಡದಂಚಿನ ಹೊಲಗಳಲ್ಲಿ ಮೆಕ್ಕೆಜೋಳ, ಶೇಂಗಾ ಕಾಯುವ ರೈತರು ಈ ಅಪಾಯದ ಜೊತೆ ದಿನವೂ ಬಾಳುತ್ತಾರೆ. ಕರಡಿಯನ್ನು ಉಳಿಸಿಕೊಂಡಿರುವ ಶ್ರೇಯಸ್ಸಿನಲ್ಲಿ ಅವರ ತಾಳ್ಮೆಯ ಪಾಲು ದೊಡ್ಡದು.

ಹೊಳೆಯ ಒಳಗಿನವರು

2015ರಲ್ಲಿ ಹೊಸಪೇಟೆ ಬಳಿಯ ಮುದ್ಲಾಪುರದಿಂದ ಕಂಪ್ಲಿಯವರೆಗೆ ತುಂಗಭದ್ರೆಯ 34 ಕಿಲೋಮೀಟರ್ ಹರಿವನ್ನು ನೀರುನಾಯಿ ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿಸಲಾಯಿತು. ಅಂದರೆ ವಿಠ್ಠಲ ದೇವಾಲಯದ ಪಕ್ಕದಲ್ಲಿ ಹರಿಯುವ ಹೊಳೆಯೇ ಒಂದು ರಕ್ಷಿತ ವನ್ಯಜೀವಿ ತಾಣ. ದಡದಲ್ಲಿ ಓಡಾಡುವ ಎಷ್ಟೋ ಮಂದಿಗೆ ಇದು ಗೊತ್ತೇ ಇರುವುದಿಲ್ಲ. ನೀರುನಾಯಿಗಳು ಮನೆಮಂದಿಯೆಲ್ಲ ಒಟ್ಟಾಗಿ ಮೀನು ಬೇಟೆಯಾಡುತ್ತವೆ, ದಡದ ಬಂಡೆ ಸಂದುಗಳಲ್ಲಿ, ಜೊಂಡಿನ ಮರೆಯ ಬಿಲಗಳಲ್ಲಿ ಮರಿ ಸಾಕುತ್ತವೆ. ಇಲ್ಲಿಯೂ ಬಂಡೆಯೇ ಆಸರೆ. ಸಿಡಿಮದ್ದು ಹಾಕಿ ಮೀನು ಹಿಡಿಯುವುದು, ಮರಳು ತೆಗೆಯುವುದು ಅವುಗಳ ಬದುಕಿಗೆ ನೇರವಾದ ಪೆಟ್ಟು. ಬೆಳಗಿನ ಜಾವ ಗದ್ದಲವಿಲ್ಲದ ದಡದಲ್ಲಿ ಕುಳಿತರೆ ನೀರಿನ ಮೇಲೆ ಮೂರ್ನಾಲ್ಕು ತಲೆಗಳು ಸಾಲಾಗಿ ಸಾಗುವುದನ್ನು ಕಾಣಬಹುದು. ಮೊಸಳೆಗಳೂ ಇದೇ ನೀರಿನಲ್ಲಿವೆ; ಸೆಳವಿನ ಮಾತು ಹಾಗಿರಲಿ, ಇದೊಂದೇ ಕಾರಣಕ್ಕೂ ಕಂಡಲ್ಲಿ ಈಜಲು ಇಳಿಯಬಾರದು.

ಹೊಳೆ ದಾಟಲು ಹರಿಗೋಲು ಹತ್ತುವವರು ಒಂದು ಸಂಗತಿ ನೆನಪಿಡಬಹುದು. 1520ರ ಸುಮಾರಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಬುಟ್ಟಿಯಂತೆ ದುಂಡಗಿನ, ಹೊರಗೆ ಚರ್ಮ ಹೊದಿಸಿದ ದೋಣಿಗಳಲ್ಲಿ ಜನ ಇಲ್ಲಿ ಹೊಳೆ ದಾಟುತ್ತಿದ್ದರೆಂದೂ, ಅವು ನೇರವಾಗಿ ಹೋಗದೆ ತಿರುಗುತ್ತ ಸಾಗುತ್ತವೆಂದೂ ಬರೆದಿದ್ದಾನೆ. ಐನೂರು ವರ್ಷಗಳಲ್ಲಿ ಹೊದಿಕೆ ಬದಲಾಗಿದೆ, ತಿರುಗುವುದು ಬದಲಾಗಿಲ್ಲ.

1953ರಲ್ಲಿ ಮುಗಿದ ತುಂಗಭದ್ರಾ ಅಣೆಕಟ್ಟು ಈ ಸೀಮೆಯ ನೀರಿನ ಲೆಕ್ಕವನ್ನೇ ಬದಲಿಸಿತು. ಹಿನ್ನೀರು ಇಳಿಯುವ ಚಳಿಗಾಲದಲ್ಲಿ ಅದರ ಕೆಸರಂಚಿಗೆ ರಾಜಹಂಸಗಳೂ ಸೇರಿದಂತೆ ವಲಸೆ ಹಕ್ಕಿಗಳು ಬರುತ್ತವೆ. ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರದ ಕೆರೆ ಸುಮಾರು 244 ಎಕರೆಯದು. ನೀರಿನ ನಡುವೆ ನಿಂತ ಜಾಲಿಮರಗಳ ಮೇಲೆ ಬಣ್ಣದ ಕೊಕ್ಕರೆ, ಬಾಯ್ಕಳಕ, ನೀರುಕಾಗೆಗಳು ಗೂಡು ಕಟ್ಟುತ್ತವೆ. 2017ರಲ್ಲಿ ಅದು ಪಕ್ಷಿ ಸಂರಕ್ಷಣಾ ಮೀಸಲು ಪ್ರದೇಶವಾಯಿತು, 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗು ತಾಣಗಳ ರಾಮ್ಸಾರ್ ಪಟ್ಟಿಗೆ ಸೇರಿತು. ಊರವರು ಹಕ್ಕಿಗಳನ್ನು ತಮ್ಮವೆಂದು ಕಾಯುವ ಕೆರೆ ಅದು.

ದಿನಗಳನ್ನು ಹೊಂದಿಸುವ ಬಗೆ

ಬೆಂಗಳೂರಿನಿಂದ ರಾತ್ರಿಯ ಹಂಪಿ ಎಕ್ಸ್‌ಪ್ರೆಸ್ ಹಿಡಿದರೆ ಬೆಳಗ್ಗೆ ಹೊಸಪೇಟೆ. ಅಲ್ಲಿಂದ ಹಂಪೆಗೆ 13 ಕಿಲೋಮೀಟರ್, ಬಸ್ಸು, ಆಟೊ ಧಾರಾಳವಾಗಿವೆ. ನವೆಂಬರಿನಿಂದ ಫೆಬ್ರವರಿವರೆಗೆ ನಡೆದಾಡಲು ಹಿತ. ಆದರೆ ಹಂಪೆಯನ್ನು ಒಂದೇ ದಿನದಲ್ಲಿ ಮುಗಿಸುವ ಯೋಜನೆ ಹಾಕುವುದಾದರೆ ಹೋಗದಿರುವುದೇ ಮೇಲು ಎಂದು ನನಗೆ ಅನಿಸುತ್ತದೆ. ಕನಿಷ್ಠ ಮೂರು ದಿನ ಬೇಕು, ನಾಲ್ಕಾದರೆ ಒಳ್ಳೆಯದು. ಬೆಳಗಿನ ಹೊತ್ತು ಹೊಳೆಗೆ ಮತ್ತು ಗುಡ್ಡಗಳಿಗೆ, ನಡುಹಗಲು ನೆರಳಿರುವ ಕಟ್ಟಡಗಳಿಗೆ ಹಾಗೂ ಕಮಲಾಪುರದ ವಸ್ತುಸಂಗ್ರಹಾಲಯಕ್ಕೆ, ಸಂಜೆ ಕರಡಿಗೆ ಎಂದು ಹಂಚಿಕೊಂಡರೆ ಪ್ರಾಣಿಗಳ ಗಡಿಯಾರವೂ ನಮ್ಮದೂ ಹೊಂದುತ್ತವೆ. ಆ ವಸ್ತುಸಂಗ್ರಹಾಲಯದಲ್ಲಿ ಇಡೀ ಸೀಮೆಯ ಮಾದರಿಯಿದೆ. ಮೊದಲ ದಿನವೇ ಅದನ್ನು ನೋಡಿದರೆ ಗುಡ್ಡ, ಹೊಳೆ, ಗೋಡೆಗಳ ಸಂಬಂಧ ಒಮ್ಮೆಲೇ ತಿಳಿಯುತ್ತದೆ. ವಿಠ್ಠಲ ದೇವಾಲಯ ಮತ್ತು ಕಮಲಮಹಲಿನ ಆವರಣಗಳಿಗೆ ಒಂದೇ ಟಿಕೆಟು, ಅದೇ ದಿನಕ್ಕೆ ಸಲ್ಲುವಂಥದ್ದು. ಎರಡನ್ನೂ ಒಂದೇ ದಿನಕ್ಕೆ ಇಟ್ಟುಕೊಳ್ಳಬೇಕು.

ಒಂದು ಪೂರ್ತಿ ದಿನವನ್ನು ಹೊಳೆಯಾಚೆಗೆ ಕೊಡಬೇಕೆಂದು ಒತ್ತಿ ಹೇಳುತ್ತೇನೆ. ಆನೆಗೊಂದಿ ವಿಜಯನಗರಕ್ಕಿಂತ ಹಳೆಯ ಊರು. ಅಲ್ಲಿ ಬಾಳೆನಾರಿನಿಂದ ಬುಟ್ಟಿ, ಚೀಲ ಹೆಣೆಯುವ ಹೆಂಗಸರ ಕೈಕೆಲಸ ನೋಡಬಹುದು, ಕೊಳ್ಳಬಹುದು. ಗಂಗಾವತಿ ಹತ್ತಿರದ ಹಿರೇಬೆಣಕಲ್ಲಿನ ಗುಡ್ಡದ ಮೇಲೆ ಎರಡು ಸಾವಿರ ವರ್ಷಗಳಿಗೂ ಹಿಂದಿನ ನೂರಾರು ಕಲ್ಮನೆಗಳಿವೆ. ಚಪ್ಪಡಿಗಳನ್ನು ನಿಲ್ಲಿಸಿ ಮೇಲೆ ಚಪ್ಪಡಿ ಹೊದಿಸಿದ ಈ ಸಮಾಧಿ ಸ್ಮಾರಕಗಳನ್ನು ಜನ ಮೋರ್ಯರ ಮನೆಗಳೆಂದು ಕರೆಯುತ್ತಾರೆ. ಬಂಡೆ ಪದರ ಪದರವಾಗಿ ಬಿಡುತ್ತದೆ ಎಂಬ ಗುಣವನ್ನು ವಿಜಯನಗರದ ಕಲ್ಲುಕುಟಿಗರಿಗಿಂತ ಎಷ್ಟೋ ಮೊದಲೇ ಅರಿತವರು ಈ ಕಲ್ಮನೆಗಳನ್ನು ಕಟ್ಟಿದವರು. ಗುಡ್ಡ ಹತ್ತಲು ಶ್ರಮವಿದೆ, ನೆರಳಿಲ್ಲ, ನೀರು ಜೊತೆಗಿರಬೇಕು.

ಈ ನೆಲಕ್ಕೆ ಬಂದಿರುವ ಒತ್ತಡಗಳನ್ನೂ ಹೇಳಲೇಬೇಕು. 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಹಂಪೆ, ಹೊಳೆಗೆ ಅಡ್ಡಲಾಗಿ ಸೇತುವೆ ಕಟ್ಟುವ ಕೆಲಸದಿಂದಾಗಿ 1999ರಿಂದ 2006ರವರೆಗೆ ಅಪಾಯದಲ್ಲಿರುವ ತಾಣಗಳ ಪಟ್ಟಿಯಲ್ಲಿತ್ತು. ಆನೆಗೊಂದಿಯ ಆ ಸೇತುವೆ 2009ರಲ್ಲಿ ಕಟ್ಟುತ್ತಿರುವಾಗಲೇ ಕುಸಿಯಿತು. 2011ರಲ್ಲಿ ಹಂಪೆ ಬಜಾರಿನ ಕಲ್ಲುಮಂಟಪಗಳಲ್ಲಿ ಬಾಳುತ್ತಿದ್ದವರನ್ನು ತೆರವುಗೊಳಿಸಲಾಯಿತು. 2020ರಲ್ಲಿ ಸುಪ್ರೀಂ ಕೋರ್ಟ್ ಆದೇಶದಂತೆ ಹೊಳೆಯ ನಡುವಿನ ನಡುಗಡ್ಡೆಯಾದ ವಿರೂಪಾಪುರಗಡ್ಡೆಯ ವಸತಿಗೃಹಗಳನ್ನು ಕೆಡವಲಾಯಿತು. ಸ್ಮಾರಕವನ್ನೂ ಉಳಿಸಿ, ಅದರ ನೆರಳಿನಲ್ಲಿ ಬದುಕು ಕಟ್ಟಿಕೊಂಡವರನ್ನೂ ಉಳಿಸುವ ದಾರಿ ಇನ್ನೂ ಪೂರ್ತಿ ಸಿಕ್ಕಿಲ್ಲ. ಪ್ರವಾಸಿಗರು ಸುತ್ತಲಿನ ಊರುಗಳಲ್ಲಿ ತಂಗಿ, ಅಲ್ಲಿನವರನ್ನೇ ಮಾರ್ಗದರ್ಶಿಗಳಾಗಿ ಕರೆದುಕೊಂಡು, ಅಲ್ಲಿಯ ಊಟ ಉಂಡರೆ ಆ ದುಡ್ಡು ನೇರವಾಗಿ ಈ ನೆಲದವರ ಕೈ ಸೇರುತ್ತದೆ. ಇನ್ನೊಂದು ಕಡೆ ಸಂಡೂರಿನ ಬೆಟ್ಟಗಳ ಕಬ್ಬಿಣದ ಅದಿರು ಮತ್ತು ಎಲ್ಲೆಡೆಯ ಗ್ರಾನೈಟ್ ಗಣಿಗಳಿವೆ. ಕರಡಿ ಒಂದು ಗುಡ್ಡದಿಂದ ಇನ್ನೊಂದಕ್ಕೆ ನಡೆದು ಬದುಕುವ ಪ್ರಾಣಿ. ನಡುವಿನ ಗುಡ್ಡ ಮಾಯವಾದರೆ ಅಭಯಾರಣ್ಯದ 82 ಚದರ ಕಿಲೋಮೀಟರ್ ಬಯಲಿನ ನಡುವಿನ ದ್ವೀಪವಾಗಿ ಉಳಿಯುತ್ತದೆ.

ಮೈಸೂರಿನ ಕಡೆಯವರು ಮರಳುವಾಗ ಅದೇ ರೈಲಿನಲ್ಲಿ ಬೆಂಗಳೂರು ದಾಟಿ ಮುಂದೆ ಹೋಗುತ್ತಾರೆ. ರಾಮನಗರ ಹತ್ತಿರವಾಗುತ್ತಿದ್ದಂತೆ ಕಿಟಕಿಯಾಚೆ ಮತ್ತೆ ಬಂಡೆಯ ಬೆಟ್ಟಗಳು ಏಳುತ್ತವೆ. ಅದು ಹಂಪೆಯಲ್ಲಿ ಬಿಟ್ಟುಬಂದ ಅದೇ ಶಿಲೆಯ ದಕ್ಷಿಣದ ಭಾಗ. ರಾಮದೇವರ ಬೆಟ್ಟದ ಮೇಲೆ ರಾಮನ ಗುಡಿಯಿದೆ, ಅದರ ಕಡಿದಾದ ಬಂಡೆಗಳಲ್ಲಿ ಉದ್ದಕೊಕ್ಕಿನ ರಣಹದ್ದುಗಳಿಗಾಗಿ 2012ರಲ್ಲಿ ಘೋಷಿಸಿದ ಧಾಮವಿದೆ, ಸುತ್ತಲಿನ ಗವಿಗಳಲ್ಲಿ ಕರಡಿಯಿದೆ.